ಟ್ರಯತ್ಲಾನ್‌ಗೆ ಹೊರಡುವ ಮುನ್ನ ಗುರಿಯ ಲೆಕ್ಕ

ದೊಡ್ಡಗದ್ದವಳ್ಳಿ ಕಡೆಯ ನಮ್ಮ ಸದಸ್ಯರೊಬ್ಬರು ಈಚೆಗೆ ಸೊಸೈಟಿಗೆ ಗೊಬ್ಬರ ಒಯ್ಯಲು ಬಂದವರು, "ಗೋವಾದ ಟ್ರಯತ್ಲಾನ್‌ಗೆ ಹೆಸರು ಕೊಡಬೇಕೆಂದಿದ್ದೇನೆ, ಅದರ ವಿಷಯ ಏನಾದರೂ ಬರೆಯಿರಿ" ಎಂದರು. ಹಿಂದೊಮ್ಮೆ ಅವರು ಇದಕ್ಕೆ ಕೈಹಾಕಿದ್ದುಂಟು. ಪೇಟೆಯ ಹುಡುಗರನ್ನು ಹಿಂದೆ ಹಾಕಬೇಕೆಂಬುದೊಂದೇ ಆಗಿನ ಗುರಿ. ರೊಬಸ್ಟಾ ಕುಯ್ಲಿನ ದಿನಗಳಲ್ಲೂ ನಿದ್ದೆಗೆಟ್ಟು ಓಡಿದರು. ಮಂಡಿ ಊದಿತು. ಆರು ವಾರ ತೋಟಕ್ಕೆ ಇಳಿಯಲಾಗದೆ, ಆಳುಗಳ ಹಣ್ಣು ತೂಗುವ ಕೆಲಸವೂ ಮನೆಯಾಕೆಯ ಮೇಲೆ ಬಿತ್ತು. "ಈ ಸಲ ಮನೆಯಲ್ಲಿ ಒಪ್ಪಬೇಕಾದರೆ ಲೆಕ್ಕ ತೋರಿಸಬೇಕು" ಎಂದು ನಕ್ಕರು. ಆ ಲೆಕ್ಕವನ್ನೇ ಇಲ್ಲಿ ಹಾಕಿ ನೋಡೋಣ.

ಸ್ಪರ್ಧೆಯ ಅಳತೆ

ಈಜು, ಸೈಕಲ್, ಓಟ ಈ ಮೂರನ್ನೂ ಒಂದರ ಹಿಂದೊಂದು ಒಂದೇ ದಿನ ಮುಗಿಸುವುದೇ ಟ್ರಯತ್ಲಾನ್. ಇದರಲ್ಲಿ ದೀರ್ಘವಾದದ್ದು 'ಐರನ್‌ಮ್ಯಾನ್': 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಹಾಸನದಿಂದ ಬೆಂಗಳೂರಿನವರೆಗೆ ಸೈಕಲ್ ತುಳಿದು, ಬಳಿಕ ಹಾಸನದಿಂದ ಬೇಲೂರಿಗಿರುವಷ್ಟು ದೂರ ಓಡಿದಂತೆ. 1978ರಲ್ಲಿ ಹವಾಯಿಯಲ್ಲಿ ಇದು ಮೊದಲು ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ.

ಗೋವಾದಲ್ಲಿ 2019ರಲ್ಲಿ ಆರಂಭವಾದದ್ದು ಇದರ ಅರ್ಧ ಅಳತೆಯ ಸ್ಪರ್ಧೆ. 1.9 ಕಿ.ಮೀ. ಕಡಲಲ್ಲಿ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಗಡುವು ಎಂಟೂವರೆ ಗಂಟೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಲೋಕಸಭಾ ಸದಸ್ಯ ತೇಜಸ್ವಿ ಸೂರ್ಯ ಅವರು ಇದನ್ನು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದರು. ಗಡುವಿಗೆ ಎರಡೂವರೆ ನಿಮಿಷವೂ ಉಳಿದಿರಲಿಲ್ಲ. ಆದರೂ ಮುಗಿಸಿದವರ ಪಟ್ಟಿಯಲ್ಲಿ ಅವರ ಹೆಸರು ಸೇರಿತು. ಚಿತ್ರನಟ ಮಿಲಿಂದ್ ಸೋಮನ್ ಅವರು 50ರ ಹೊಸ್ತಿಲಲ್ಲಿ, 2015ರಲ್ಲಿ, ಜ್ಯೂರಿಕ್‌ನಲ್ಲಿ ಪೂರ್ಣ ಅಳತೆಯದನ್ನೇ 15 ಗಂಟೆ 19 ನಿಮಿಷದಲ್ಲಿ ಪೂರೈಸಿದರು. ಮೊದಲಿಗರಾಗುವುದು ಬೇರೆ, ಮುಗಿಸುವುದು ಬೇರೆ ಎಂಬುದನ್ನು ಇವು ತೋರಿಸುತ್ತವೆ.

ಮೂರು ಗುರಿಗಳು

ಹೂಮಳೆ ಬರಿಸುವುದು ನಮ್ಮ ಕೈಲಿಲ್ಲ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ಹೊಡೆಸುವುದು ನಮ್ಮ ಕೈಲಿದೆ. ಇಲ್ಲೂ ಹಾಗೆಯೇ. ಎಷ್ಟನೆಯವರಾಗಿ ಬರುತ್ತೇವೆಂಬುದು ಬೇರೆಯವರ ಕಾಲಿನ ಮೇಲೂ ಅಂದಿನ ಬಿಸಿಲು, ಅಲೆಗಳ ಮೇಲೂ ನಿಂತಿದೆ. ಆದ್ದರಿಂದ ನಮ್ಮ ಮಾತು ಇಷ್ಟು: ಮೂರು ಗುರಿಗಳನ್ನು ಕಾಗದದ ಮೇಲೆ ಬರೆದಿಡಿ.

ಮೊದಲನೆಯದು, ಮುಗಿಸುವ ಗುರಿ. ಈಜಿಗೆ 1 ಗಂಟೆ, ಗಂಟೆಗೆ 22.5 ಕಿ.ಮೀ.ನಂತೆ ಸೈಕಲ್‌ಗೆ 4 ಗಂಟೆ, ಕಿ.ಮೀ.ಗೆ ಎಂಟೂವರೆ ನಿಮಿಷದಂತೆ ಓಟಕ್ಕೆ 3 ಗಂಟೆ, ನಡುವೆ ಬಟ್ಟೆ ಬೂಟು ಬದಲಿಸಲು 15 ನಿಮಿಷ. ಒಟ್ಟು 8 ಗಂಟೆ 15 ನಿಮಿಷ. ಕೈಲಿ ಉಳಿಯುವುದು ಕಾಲು ಗಂಟೆ. ಒಮ್ಮೆ ಟ್ಯೂಬ್ ಪಂಕ್ಚರ್ ಆದರೆ ಅದೂ ಹೋಯಿತು! ಹಾಗಾಗಿ ಟ್ಯೂಬ್ ಬದಲಿಸುವುದನ್ನೂ ಮನೆಯಲ್ಲೇ ಕಲಿಯತಕ್ಕದ್ದು.

ಎರಡನೆಯದು, ವಾರದ ಗುರಿ. ಈ ವಾರ ಎಷ್ಟು ದಿನ, ಎಷ್ಟು ಹೊತ್ತು ಎಂಬುದು. ಗೋವಾದ ಸ್ಪರ್ಧೆ ಈವರೆಗೆ ಅಕ್ಟೋಬರ್, ನವೆಂಬರ್‌ಗಳಲ್ಲಿ ನಡೆದಿದೆ. ಅದು ಅರೇಬಿಕಾ ಕುಯ್ಲು ಮತ್ತು ಅಡಿಕೆ ಕೊಯ್ಲು ಬರುವ ಹೊತ್ತು. ಅಂದರೆ ಅಭ್ಯಾಸದ ತಿಂಗಳುಗಳೆಲ್ಲ ಮಳೆಗಾಲವೇ. ಬೋರ್ಡೋ ಹೊಡೆಸುವ ವಾರ ಅಭ್ಯಾಸ ಅರ್ಧಕ್ಕಿಳಿಯಲಿ. ಅದನ್ನು ಮೊದಲೇ ಬರೆದಿಟ್ಟರೆ ಸೋತೆನೆಂಬ ಭಾವನೆ ಬಾರದು. ಮಳೆ ಬಿಟ್ಟ ಬೆಳಿಗ್ಗೆ ಲಕ್ಷ್ಮೀದೇವಿ ಗುಡಿಯ ಮುಂದಿನಿಂದ ಹಳೇಬೀಡಿನ ಕಡೆಗೆ ಸೈಕಲ್ ತಿರುಗಿಸಿದರೆ ಅಭ್ಯಾಸಕ್ಕೆ ಬೇರೆ ರಸ್ತೆ ಬೇಕಿಲ್ಲ. ಕೆರೆಯಲ್ಲಿ ಮಾತ್ರ ಒಬ್ಬರೇ ಈಜುವುದು ಸರ್ವಥಾ ಕೂಡದು. ಈಜು ಬಲ್ಲವರೊಬ್ಬರು ದಡದಲ್ಲಿರಲಿ. ತುಂಬಿ ಹರಿಯುವ ನೀರಿಗೆ ಇಳಿಯಲೇಬೇಡಿ. ಕಡಲ ಈಜಿಗೆ ಮುಂಚಿತವಾಗಿ ತಿಳಿದವರ ಜೊತೆ ಅಭ್ಯಾಸ ಬೇಕು.

ಮೂರನೆಯದು, ನಿಲ್ಲಿಸುವ ಗುರಿ. ಇದನ್ನು ಬಹುಮಂದಿ ಬರೆದಿಡುವುದಿಲ್ಲ. ಎದೆನೋವು, ತಲೆಸುತ್ತು, ಬಿಸಿಲಲ್ಲಿ ಚಳಿ ಹತ್ತುವುದು, ಮಾತು ತಡವರಿಸುವುದು, ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ನಿಂತು ಸಹಾಯ ಕೇಳಬೇಕು. ನಲವತ್ತು ದಾಟಿದವರು ಅಭ್ಯಾಸಕ್ಕೆ ಮುನ್ನವೇ ವೈದ್ಯರಿಗೆ ತೋರಿಸಿಕೊಳ್ಳುವುದು ಒಳಿತು. ಮಂಡಿ ನೋವು ಒಂದು ವಾರ ಇಳಿಯದಿದ್ದರೆ ಓಟ ಬಂದ್.

ನಮ್ಮ ಸದಸ್ಯರಿಗೆ ಈ ಮೂರನ್ನೂ ಬರೆದುಕೊಟ್ಟೆವು. ಒಯ್ದು ಮನೆಯಾಕೆಗೆ ಓದಿ ಹೇಳಿದರಂತೆ. ಮೊದಲ ಎರಡಕ್ಕೆ ಆಕೆ ಏನೂ ಅನ್ನಲಿಲ್ಲವಂತೆ. ಮೂರನೆಯದರ ಕೆಳಗೆ ಸಹಿ ಹಾಕಿಸಿಕೊಂಡು, ಕಾಗದವನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಂಡರಂತೆ. ಗುರಿ ಇಟ್ಟುಕೊಳ್ಳುವ ಇತರ ಸದಸ್ಯರೂ ಮನೆಯವರನ್ನು ಕೂರಿಸಿಕೊಂಡೇ ಬರೆಯಲಿ ಎಂಬುದು ನಮ್ಮ ಸಲಹೆ.