ಮಡಿಕೇರಿ: ವಿಮಾನ ಇಳಿದ ಮೇಲೆ ಘಾಟಿ ಹತ್ತಬೇಕು

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲು ನಿಲ್ದಾಣವೂ ಇಲ್ಲ. ಕೊಲ್ಲಿ ದೇಶದಿಂದ ರಜೆಗೆ ಬರುವವರಾಗಲಿ, ಗಡಿ ಕಾಯ್ದು ಮನೆಗೆ ಮರಳುವ ಯೋಧರಾಗಲಿ, ಮಂಜು ನೋಡಲು ಹೊರಟ ಪ್ರವಾಸಿಗರಾಗಲಿ, ಎಲ್ಲರೂ ರಸ್ತೆ ಹಿಡಿದೇ ಮಡಿಕೇರಿ ಸೇರಬೇಕು. ಬಸ್ಸುಗಳು ಬೇಕಾದಷ್ಟಿವೆ. ಆದರೆ ವಿಮಾನ ನಡುರಾತ್ರಿ ಇಳಿದರೆ, ಜೊತೆಗೆ ಮಕ್ಕಳು, ವಯಸ್ಸಾದವರು, ನಾಲ್ಕಾರು ಪೆಟ್ಟಿಗೆಗಳಿದ್ದರೆ ಹಳದಿ ಬೋರ್ಡಿನ ಬಾಡಿಗೆ ಕಾರೇ ಆಸರೆ.

ಸುಮಾರು 3,800 ಅಡಿ ಎತ್ತರದ ಈ ಊರಿಗೆ ಎಲ್ಲಿ ಇಳಿದು ಬರಬೇಕು ಎಂಬುದನ್ನು ಟಿಕೆಟ್ ದರದ ಜೊತೆಗೆ ಋತುವನ್ನೂ ನೋಡಿ ತೀರ್ಮಾನಿಸಬೇಕು. ಮಟ್ಟನ್ನೂರಿನಲ್ಲಿ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣವೇ ಹತ್ತಿರದ್ದು, 90 ಕಿ.ಮೀ. ಆಸುಪಾಸು. ಇರಿಟ್ಟಿ, ಕೂಟುಪುಳ ದಾಟಿ ಮಾಕುಟ್ಟದ ದಟ್ಟ ಕಾಡಿನ ಘಾಟಿ ಹತ್ತಿ ವಿರಾಜಪೇಟೆ ಮೂಲಕ ಬರುವ ದಾರಿ ಇದು. ರಾಜ್ಯದ ಗಡಿ ದಾಟುವುದರಿಂದ ಪರ್ಮಿಟ್, ತೆರಿಗೆ ಬಾಡಿಗೆಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಮಂಗಳೂರಿನಿಂದ ಬಂದರೆ ಪುತ್ತೂರು, ಸುಳ್ಯದ ಅಡಿಕೆ ತೋಟಗಳನ್ನು ಕಳೆದು ಸಂಪಾಜೆ ಘಾಟಿ. ಏರುತ್ತ ಹೋದಂತೆ ಸೆಕೆ ಇಳಿಯುತ್ತದೆ, ಕಾಫಿ ಗಿಡಗಳು ಕಾಣತೊಡಗುತ್ತವೆ. 2018ರ ಆಗಸ್ಟ್ ಮಳೆಯಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಈ ದಾರಿಯೇ ಮುಚ್ಚಿಹೋಗಿತ್ತು. ಹಾಗಾಗಿ ಜೋರು ಮಳೆಗಾಲದಲ್ಲಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಳಿದು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಬರುವುದು ಒಳ್ಳೆಯದು. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಿಂದ ದೂರ ಹೆಚ್ಚು, ಆರೇಳು ತಾಸಿನ ಪ್ರಯಾಣ. ಆದರೆ ಕಡಿದಾದ ಘಾಟಿಯಿಲ್ಲ, ಏರು ನಿಧಾನ.

ಬಾಡಿಗೆಯ ಲೆಕ್ಕ ಹೊಸಬರಿಗೆ ಗಲಿಬಿಲಿ ಹುಟ್ಟಿಸುತ್ತದೆ. ಒಂದು ಕಡೆಯ ಪ್ರಯಾಣಕ್ಕೆ ಎರಡು ಕಡೆಯ ಕಿಲೋಮೀಟರ್ ಏಕೆ ಎಂದು ಕೇಳುವವರುಂಟು. ಮಡಿಕೇರಿಯ ಕಾರು ನಿಮ್ಮನ್ನು ಕರೆತರಲು ಖಾಲಿಯಾಗಿಯೇ ಇಳಿದಿರುತ್ತದೆ ಎಂಬುದು ಅದಕ್ಕೆ ಉತ್ತರ. ಟೋಲ್, ಪಾರ್ಕಿಂಗ್, ಚಾಲಕರ ಬಾಟಾ ಸೇರಿಸಿ ಒಟ್ಟು ಮೊತ್ತವನ್ನು ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ನೆಮ್ಮದಿ. ವಿಮಾನದ ಸಂಖ್ಯೆ ಕೊಟ್ಟಿಡಿ. ತಡವಾದರೆ ಅವರೇ ನೋಡಿಕೊಂಡು ಬರುತ್ತಾರೆ. ಸಾಧ್ಯವಾದಷ್ಟೂ ಘಾಟಿ ಬಲ್ಲ ಊರಿನ ಚಾಲಕರನ್ನೇ ಕರೆಸಿ. ಮಂಜು ಕವಿದಾಗ ಯಾವ ತಿರುವಿನಲ್ಲಿ ಗೇರ್ ಇಳಿಸಬೇಕು, ಎಲ್ಲಿ ಹಾರನ್ ಹಾಕಬೇಕು, ಎಲ್ಲಿ ಗಾಡಿ ನಿಲ್ಲಿಸಿ ಕಾಯಬೇಕು ಎಂಬುದನ್ನು ಅವರು ಮಳೆಗಾಲಗಳನ್ನು ಕಂಡು ಕಲಿತಿದ್ದಾರೆ.

ಊರು ಸೇರಿದ ಮೇಲೆ ನೋಡಲು ಬೇಕಾದಷ್ಟಿದೆ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಾಲಯ, ಕೋಟೆಯೊಳಗಿನ ಅರಮನೆ, ರಾಜಾಸೀಟಿನ ಸೂರ್ಯಾಸ್ತ, ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್'ನಲ್ಲಿರುವ ವಸ್ತುಸಂಗ್ರಹಾಲಯ. ದಸರೆಯಲ್ಲಿ ದಶಮಂಟಪಗಳ ಮೆರವಣಿಗೆಗೆ ಊರೇ ರಾತ್ರಿಯಿಡೀ ಎಚ್ಚರವಾಗಿರುತ್ತದೆ. ಆ ದಿನಗಳಿಗೆ ಕಾರು, ಕೋಣೆ ಎರಡನ್ನೂ ಬಹಳ ಮುಂಚೆ ಗೊತ್ತುಮಾಡಿಕೊಳ್ಳಬೇಕು.

ಹೋಂ ಸ್ಟೇ ಗೊತ್ತುಮಾಡುವಾಗ ಇನ್ನೊಂದು ಮಾತನ್ನೂ ಕೇಳಿ: ಚಾಲಕರಿಗೆ ಮಲಗಲು ಜಾಗವಿದೆಯೇ? ರಾತ್ರಿಯಿಡೀ ಗಾಡಿ ಓಡಿಸಿ ಬಂದವರು ಚಳಿಯಲ್ಲಿ ಕಾರಿನ ಸೀಟಿನ ಮೇಲೆ ಮುದುಡಿ ಮಲಗುವಂತಾಗಬಾರದು. ಮರಳುವಾಗ ಅದೇ ಘಾಟಿಯಲ್ಲಿ ನಮ್ಮ ಜೀವವನ್ನು ಅವರ ಕೈಗೇ ಒಪ್ಪಿಸುತ್ತೇವೆ. ಬಿಸಿ ಊಟ, ಹಾಸಿಗೆ, ಕಂಬಳಿ ಅವರಿಗೂ ಸಲ್ಲಬೇಕು.