ಸಿಡಿ-೪ ಕಣಗಳು ಮತ್ತು ರಕ್ತಪ್ರವಾಹದ ಸೋಂಕು: ಯಾದಗಿರಿ, ಶಹಾಪುರ, ಸುರಪುರ ಪರಿಸರದ ಹಿನ್ನೆಲೆಯಲ್ಲಿ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳನ್ನು ಒಳಗೊಂಡು ೨೦೦೯ರ ಡಿಸೆಂಬರ್ ೩೦ರಂದು ಯಾದಗಿರಿ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. ಕೃಷ್ಣಾ ಮತ್ತು ಭೀಮಾ ನದಿಗಳು ಹರಿಯುವ ಈ ನೆಲದಲ್ಲಿ ಮಳೆಯನ್ನೇ ನಂಬಿದ ಕುಟುಂಬಗಳು ಬೆಂಗಳೂರು, ಮುಂಬೈಗಳಿಗೆ ಗುಳೆ ಹೋಗುವುದು ಬಹುಕಾಲದಿಂದ ನಡೆದುಬಂದಿದೆ. ಎಚ್‌ಐವಿ ಸೋಂಕಿತ ಕೂಲಿಕಾರನೊಬ್ಬ ಜ್ವರ ಹೊತ್ತು ಊರಿಗೆ ಮರಳಿದರೆ ಆ ಜ್ವರದ ಮೂಲವನ್ನು ಹೇಗೆ ಅರಿಯಬೇಕು ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಬಿಳಿ ರಕ್ತಕಣಗಳ ಮೇಲ್ಮೈಯಲ್ಲಿರುವ ಪ್ರೋಟೀನುಗಳೇ ಅವುಗಳ ಗುರುತುಚಿಹ್ನೆಗಳು. ಇವುಗಳಿಗೆ ‘ಸಿಡಿ’ ಎಂಬ ಸಂಕೇತ ಹಾಗೂ ಸಂಖ್ಯೆಯನ್ನು ಕೊಡುವ ಪದ್ಧತಿ ೧೯೮೨ರ ಪ್ಯಾರಿಸ್ ಸಮಾವೇಶದಿಂದ ರೂಢಿಗೆ ಬಂದಿತು. ಸಿಡಿ-೪ ಗುರುತುಳ್ಳ ಸಹಾಯಕ ಟಿ-ಕಣಗಳು ಇತರ ರಕ್ಷಕ ಕಣಗಳನ್ನು ಪ್ರಚೋದಿಸಿ ನಿರ್ದೇಶಿಸುತ್ತವೆ. ಎಚ್‌ಐವಿ ವೈರಾಣು ಕಣದೊಳಗೆ ಪ್ರವೇಶಿಸುವುದು ಈ ಸಿಡಿ-೪ ಪ್ರೋಟೀನಿಗೆ ಅಂಟಿಕೊಂಡೇ ಎಂಬುದು ೧೯೮೪ರಲ್ಲಿ ತಿಳಿದುಬಂದಿತು. ಆರೋಗ್ಯವಂತ ವಯಸ್ಕರಲ್ಲಿ ಪ್ರತಿ ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು ೫೦೦ರಿಂದ ೧೫೦೦ರಷ್ಟಿರುವ ಈ ಕಣಗಳು ಚಿಕಿತ್ಸೆಯಿಲ್ಲದಿದ್ದಲ್ಲಿ ವರ್ಷಗಳು ಕಳೆದಂತೆ ಕ್ಷೀಣಿಸುತ್ತವೆ. ಸಂಖ್ಯೆ ೨೦೦ಕ್ಕಿಂತ ಕೆಳಗಿಳಿದರೆ ಅದನ್ನು ಮುಂದುವರಿದ ಎಚ್‌ಐವಿ ರೋಗವೆಂದು ಪರಿಗಣಿಸಲಾಗುತ್ತದೆ.

ಕರುಳಿನ ಒಳಪದರದಲ್ಲಿ ಸಿಡಿ-೪ ಕಣಗಳು ಹೇರಳವಾಗಿದ್ದು, ಸೋಂಕಿನ ಆರಂಭದಲ್ಲಿಯೇ ಅವು ಅಪಾರವಾಗಿ ನಾಶವಾಗುತ್ತವೆ. ಪರಿಣಾಮವಾಗಿ ಕರುಳಿನ ತಡೆಗೋಡೆ ಶಿಥಿಲಗೊಂಡು ಬ್ಯಾಕ್ಟೀರಿಯಾಗಳ ಅಂಶಗಳು ರಕ್ತಕ್ಕೆ ಸೋರುತ್ತವೆ. ಟೈಫಾಯಿಡ್ ಅಲ್ಲದ ಸಾಲ್ಮೊನೆಲ್ಲಾ ಪ್ರಭೇದಗಳು ಎಚ್‌ಐವಿ ಸೋಂಕಿತರಲ್ಲಿ ಕರುಳನ್ನು ದಾಟಿ ರಕ್ತದಲ್ಲಿ ನೆಲೆಸುವುದಕ್ಕೆ ಇದೂ ಒಂದು ಕಾರಣ. ಮರುಕಳಿಸುವ ಸಾಲ್ಮೊನೆಲ್ಲಾ ರಕ್ತಸೋಂಕು ಏಡ್ಸ್‌ನ ಸೂಚಕ ರೋಗಗಳಲ್ಲೊಂದು. ಇದಲ್ಲದೆ ನ್ಯುಮೋಕಾಕಸ್, ಕ್ಷಯದ ಬ್ಯಾಕ್ಟೀರಿಯಾ ಮತ್ತು ಕ್ರಿಪ್ಟೊಕಾಕಸ್ ಶಿಲೀಂಧ್ರಗಳೂ ರಕ್ತವನ್ನು ಸೇರಬಲ್ಲವು. ನ್ಯುಮೋಕಾಕಸ್ ಸೋಂಕು ಸಿಡಿ-೪ ಸಂಖ್ಯೆ ಹೆಚ್ಚಿರುವಾಗಲೂ ಬರಬಹುದು. ಕ್ರಿಪ್ಟೊಕಾಕಸ್ ಬಹುಮಟ್ಟಿಗೆ ಸಂಖ್ಯೆ ೧೦೦ಕ್ಕಿಂತ ಕಡಿಮೆಯಾದವರನ್ನು ಕಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತೀವ್ರ ಸೋಂಕಿನ ಸಮಯದಲ್ಲಿ ಎಚ್‌ಐವಿ ಇಲ್ಲದವರಲ್ಲಿಯೂ ಸಿಡಿ-೪ ಸಂಖ್ಯೆ ತಾತ್ಕಾಲಿಕವಾಗಿ ಕುಸಿಯುತ್ತದೆ. ಆದ್ದರಿಂದ ಜ್ವರದ ದಿನದ ಎಣಿಕೆಯೊಂದನ್ನೇ ನೆಚ್ಚಿ ರೋಗದ ಹಂತವನ್ನು ನಿರ್ಧರಿಸುವುದು ಸಾಧುವಲ್ಲ. ಸಿಡಿ-೪ರ ಶೇಕಡಾ ಪ್ರಮಾಣವು ಇಂತಹ ಏರಿಳಿತಕ್ಕೆ ಅಷ್ಟಾಗಿ ಒಳಗಾಗದು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ನ್ಯೂಟ್ರೊಫಿಲ್ ಕಣಗಳ ಮೇಲೆ ಸಿಡಿ-೬೪ ಹೆಚ್ಚುತ್ತದೆ; ಸಿಡಿ-೮ ಕಣಗಳ ಮೇಲಿನ ಸಿಡಿ-೩೮ ರೋಗನಿರೋಧಕ ವ್ಯವಸ್ಥೆಯ ನಿರಂತರ ಉದ್ರೇಕವನ್ನು ಸೂಚಿಸುತ್ತದೆ. ಆದರೆ ಈ ಗುರುತುಗಳಾವುವೂ ಸೋಂಕಿಗೆ ಕಾರಣವಾದ ಜೀವಿಯ ಹೆಸರನ್ನು ಹೇಳಲಾರವು.

ಆ ಕೆಲಸವನ್ನು ಮಾಡುವುದು ರಕ್ತದ ಕಲ್ಚರ್ ಪರೀಕ್ಷೆ. ಪ್ರತಿಜೀವಕ ಔಷಧ ಕೊಡುವ ಮುನ್ನವೇ, ಚರ್ಮವನ್ನು ಶುದ್ಧಗೊಳಿಸಿ, ಸಾಕಷ್ಟು ರಕ್ತವನ್ನು ಸಂಗ್ರಹಿಸಬೇಕು. ಊರಿನಲ್ಲಿ ಎರಡು ದಿನ ಔಷಧ ಪಡೆದು ಬಂದ ರೋಗಿಯ ರಕ್ತದಲ್ಲಿ ಏನೂ ಬೆಳೆಯದಿದ್ದರೆ ಸೋಂಕಿಲ್ಲವೆಂದು ಭಾವಿಸಲಾಗದು. ಕ್ಷಯದ ಬ್ಯಾಕ್ಟೀರಿಯಾ ಸಾಮಾನ್ಯ ಕಲ್ಚರಿನ ಐದು ದಿನಗಳ ಅವಧಿಯಲ್ಲಿ ಬೆಳೆಯುವುದಿಲ್ಲವಾದ್ದರಿಂದ ಅದಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು. ಸ್ಥಿತಿ ಗಂಭೀರವಾಗಿದ್ದಲ್ಲಿ ಫಲಿತಾಂಶಕ್ಕೆ ಕಾಯದೆ, ರಕ್ತ ಸಂಗ್ರಹಿಸಿದ ಕೂಡಲೇ ಚಿಕಿತ್ಸೆ ಆರಂಭಿಸುವುದು ಅನಿವಾರ್ಯ.

ಭಾರತದಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ೨೦೦೪ರ ಏಪ್ರಿಲ್‌ನಲ್ಲಿ ಆರಂಭವಾಯಿತು. ೨೦೧೭ರಿಂದ ಸಿಡಿ-೪ ಸಂಖ್ಯೆ ಎಷ್ಟೇ ಇದ್ದರೂ ಎಲ್ಲ ಸೋಂಕಿತರಿಗೂ ಚಿಕಿತ್ಸೆ ನೀಡುವ ನೀತಿ ಜಾರಿಗೆ ಬಂದಿದೆ. ಅಂದಮಾತ್ರಕ್ಕೆ ಎಣಿಕೆಯ ಮಹತ್ವ ಕುಗ್ಗಿಲ್ಲ. ಕೋಟ್ರೈಮೊಕ್ಸಜೋಲ್‌ನಂತಹ ಮುಂಜಾಗ್ರತಾ ಔಷಧ ಯಾರಿಗೆ ಬೇಕು, ಕ್ರಿಪ್ಟೊಕಾಕಸ್ ತಪಾಸಣೆ ಯಾರಿಗೆ ಬೇಕು ಎಂಬುದನ್ನು ಅದು ತಿಳಿಸುತ್ತದೆ. ಔಷಧವನ್ನು ನಡುವೆ ನಿಲ್ಲಿಸಿದವರಲ್ಲಿ ರೋಗ ಹಾಗೂ ಸಾವು ಹೆಚ್ಚುವುದನ್ನು ೨೦೦೬ರಲ್ಲಿ ಪ್ರಕಟವಾದ ‘ಸ್ಮಾರ್ಟ್’ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿಕೊಟ್ಟಿತು. ಗುಳೆ ಹೋಗುವವರ ಪಾಲಿಗೆ ಇದು ನೇರವಾದ ಎಚ್ಚರಿಕೆ: ಚಿಕಿತ್ಸೆಯ ದಾಖಲೆ ಮತ್ತು ಮಾತ್ರೆ ಅವರೊಡನೆ ಸಾಗಬೇಕು.

ಸೋಂಕಿತರ ಗುರುತನ್ನು ಗೋಪ್ಯವಾಗಿಡುವುದನ್ನು ೨೦೧೭ರ ಎಚ್‌ಐವಿ-ಏಡ್ಸ್ ಕಾಯ್ದೆ ಕಡ್ಡಾಯಗೊಳಿಸಿದೆ. ಊರಿಗೆ ತಿಳಿದೀತೆಂಬ ಅಂಜಿಕೆಯಿಂದ ಜ್ವರವನ್ನು ಮುಚ್ಚಿಟ್ಟವನ ರಕ್ತ ಪ್ರಯೋಗಾಲಯವನ್ನು ತಲುಪುವುದೇ ಇಲ್ಲ. ಆದುದರಿಂದ ಸಕಾಲದ ಕಲ್ಚರ್, ವಿವೇಕದಿಂದ ಓದಿದ ಸಿಡಿ-೪ ಎಣಿಕೆ ಮತ್ತು ರೋಗಿಯ ವಿಶ್ವಾಸ ಈ ಮೂರೂ ಒಂದೆಡೆ ಸೇರಿದಾಗ ಮಾತ್ರ ಈ ಭಾಗದಲ್ಲಿ ತಪ್ಪಿಸಬಹುದಾದ ಸಾವುಗಳನ್ನು ತಪ್ಪಿಸಲು ಸಾಧ್ಯ.