ತುಂಬುವ ಮೊದಲು ಟ್ಯಾಂಕ್ ಓದಿ

ಮಹಾಗಾಂವದ ಹುಡುಗನಿಗೆ ಸಮುದ್ರದಾಗ ಏನು ಕೆಲಸ ಎಂದು ಊರಿಗೆ ಹೋದಾಗಲೆಲ್ಲ ನಮ್ಮ ಮಾಮಾ ಕೇಳುತ್ತಾರೆ. ಗಾಳಿ ತುಂಬುವ ಕೆಲಸ, ಮಾಮಾ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡುವವರ ಬೆನ್ನಿಗಿರುವ ಟ್ಯಾಂಕುಗಳನ್ನು ನಾನು ತುಂಬಿಸುತ್ತೇನೆ.

ಸಾಮಾನ್ಯ ಅಲ್ಯೂಮಿನಿಯಂ ಟ್ಯಾಂಕಿನ ಹೊಟ್ಟೆ 11 ಲೀಟರ್. ಅದರೊಳಗೆ 2,000 ಲೀಟರಿಗೂ ಮೀರಿದ ಗಾಳಿಯನ್ನು 207 ಬಾರ್ ಒತ್ತಡದಲ್ಲಿ ಅದುಮಿರುತ್ತೇವೆ. ಹಾಗಾಗಿ ಯಾರಾದರೂ ಹಳೆಯ ಟ್ಯಾಂಕ್ ತಂದರೆ ಕೈ ಮೊದಲು ಹೋಗುವುದು ಕಂಪ್ರೆಸರಿಗಲ್ಲ, ವಾಲ್ವಿನ ಕೆಳಗೆ ಭುಜದ ಮೇಲೆ ಕೊರೆದ ಅಕ್ಷರಗಳಿಗೆ. ಅಮೆರಿಕದ ಟ್ಯಾಂಕಾದರೆ ಅಲ್ಲಿ 3ಎಎಲ್ ಎಂಬ ಗುರುತು, 3000 ಎಂಬ ಒತ್ತಡ (ಪಿಎಸ್‌ಐ ಲೆಕ್ಕದಲ್ಲಿ), ತಯಾರಕರ ಹೆಸರು, ಮೊದಲ ಪರೀಕ್ಷೆಯ ತಿಂಗಳು ಮತ್ತು ವರ್ಷ ಇರುತ್ತವೆ. ಬಣ್ಣ ಬಳಿದು ಇವನ್ನು ಮುಚ್ಚಿದ್ದರೆ ನಾನು ಮುಟ್ಟುವುದೇ ಇಲ್ಲ.

ವರ್ಷ ಯಾಕೆ ಮುಖ್ಯ? ಲಕ್ಸ್‌ಫರ್ ಕಂಪನಿ ಅಮೆರಿಕದಲ್ಲಿ 1972ರಿಂದ 1988ರವರೆಗೆ 6351 ಎಂಬ ಮಿಶ್ರಲೋಹದಲ್ಲಿ ಟ್ಯಾಂಕ್ ಮಾಡುತ್ತಿತ್ತು. ವರ್ಷಗಟ್ಟಲೆ ಒತ್ತಡ ಹೊತ್ತ ಈ ಲೋಹ ಕುತ್ತಿಗೆಯ ಒಳಥ್ರೆಡ್ಡಿನಲ್ಲಿ ನಿಧಾನವಾಗಿ ಬಿರುಕು ಬಿಡುತ್ತದೆ. ಒಡೆದವು ಕೆಲವೇ, ಆದರೆ ಅವುಗಳಲ್ಲಿ ಹೆಚ್ಚಿನವು ತುಂಬಿಸುವಾಗಲೇ ಒಡೆದವು. ಅಂದರೆ ನನ್ನಂಥವರ ಪಕ್ಕದಲ್ಲಿ. ಆಮೇಲೆ ಬಂದ 6061 ಲೋಹಕ್ಕೆ ಈ ರೋಗವಿಲ್ಲ. ಕ್ಯಾಟಲೀನಾ ಕಂಪನಿಯಂತೂ ಮೊದಲಿನಿಂದ 6061 ಅನ್ನೇ ಬಳಸಿತು. ಲೋಹದ ಹೆಸರು ಟ್ಯಾಂಕಿನ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ತಯಾರಕರು, ತಾರೀಖು ನೋಡಿಯೇ ತಿಳಿಯಬೇಕು.

ನೀರಿನೊತ್ತಡದ ಪರೀಕ್ಷೆ ಮಾಡಿಸಿದ್ದೇನೆ ಎಂದು ಕೆಲವರು ವಾದಿಸುತ್ತಾರೆ. ಅದು ಗೋಡೆಯ ಹಿಗ್ಗನ್ನು ಅಳೆಯುತ್ತದೆ, ಥ್ರೆಡ್ಡಿನ ಸಣ್ಣ ಬಿರುಕನ್ನು ಹಿಡಿಯದೇ ಇರಬಹುದು. ವಾಲ್ವ್ ಕಳಚಿ, ದೀಪ ಮತ್ತು ಕನ್ನಡಿ ಹಿಡಿದು ನೋಡಬೇಕು. 6351 ಆದರೆ ಬಿರುಕು ಪತ್ತೆಹಚ್ಚುವ ಎಡ್ಡಿ ಕರೆಂಟ್ ಯಂತ್ರವೂ ಬೇಕು. ಬಣ್ಣ ಸುಡಲು ಒಲೆಗಿಟ್ಟ ಟ್ಯಾಂಕ್ ಕೂಡ ಕೆಟ್ಟಂತೆಯೇ, ಬಿಸಿಗೆ ಅಲ್ಯೂಮಿನಿಯಂ ಮೆತ್ತಗಾಗುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ಮಾತಿದೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ನಾಗಪುರದ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಒಪ್ಪದ ಸಿಲಿಂಡರನ್ನು ತುಂಬುವಂತಿಲ್ಲ. ವಿದೇಶದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಒಳ್ಳೆಯ ಟ್ಯಾಂಕನ್ನು ಬಳಸುವಾಗಲೂ ಎಚ್ಚರ ಬೇಕು. ಗಾಳಿ ಮುಗಿಯುತ್ತ ಬಂದಂತೆ ಅಲ್ಯೂಮಿನಿಯಂ ಟ್ಯಾಂಕ್ ಹಗುರಾಗಿ ಮೇಲಕ್ಕೆ ಎಳೆಯುತ್ತದೆ. ಮೇಲೇರುವಾಗ ಐದು ಮೀಟರ್ ಆಳದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾದಾಗ ಇದು ತೊಡಕು. ಸೊಂಟದ ಸೀಸದ ತೂಕವನ್ನು ಆ ಲೆಕ್ಕದಲ್ಲೇ ಕಟ್ಟಿಕೊಳ್ಳಿ.

ಅನುಮಾನದ ಟ್ಯಾಂಕನ್ನು ಮಾರಬೇಡಿ. ಗಾಳಿ ಪೂರ್ತಿ ಬಿಟ್ಟು, ತಿಳಿದವರಿಂದ ವಾಲ್ವ್ ಕಳಚಿಸಿ, ಥ್ರೆಡ್ಡಿನ ಮೇಲೆ ಗರಗಸ ಆಡಿಸಿ ಗುಜರಿಗೆ ಹಾಕಿ.